ಕನ್ನಡ ಪುಸ್ತಕ ಬರೆಯಲು ಮುಕ್ತ ತಂತ್ರಾಂಶ: ನಾನು ಆರಿಸುವ ಬಗೆ

ಪುಸ್ತಕಕ್ಕೆ ತಂತ್ರಾಂಶ ಆರಿಸುವಾಗ ನಾನು ಸೌಲಭ್ಯಗಳ ಪಟ್ಟಿ ನೋಡುವುದಿಲ್ಲ. ಒಂದು ಪುಟದ ಪರೀಕ್ಷಾ ಕಡತ ಇಟ್ಟುಕೊಂಡಿದ್ದೇನೆ. ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಸೂರ್ಯ, ರ‍್ಯಾಂಕ್, ಸಾಫ್ಟ್‌ವೇರ್ ಎಂಬ ಪದಗಳು ಅದರಲ್ಲಿವೆ. ಜೊತೆಗೆ ಒಂದು ಅಡಿಟಿಪ್ಪಣಿ, ಕನ್ನಡದ ನಡುವೆ ಒಂದು ಇಂಗ್ಲಿಷ್ ವಾಕ್ಯ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಗೆಯ ಅಂಕಿಗಳು, ಒಂದು ಚಿತ್ರ. ಈ ಪುಟವನ್ನು ಬರೆಯುವ ಹಂತದಿಂದ ಪಿಡಿಎಫ್ ಮತ್ತು ಇ-ಪುಸ್ತಕದ ಕಡತವಾದ ಇಪಬ್‌ವರೆಗೆ ಒಮ್ಮೆ ಪೂರ್ತಿ ದಾಟಿಸುತ್ತೇನೆ. ಎಲ್ಲಿ ಒತ್ತಕ್ಷರ ಬಿಡಿಸಿಕೊಳ್ಳುತ್ತದೋ, ಎಲ್ಲಿ ಅಡಿಟಿಪ್ಪಣಿ ಕಳೆದುಹೋಗುತ್ತದೋ ಆ ತಂತ್ರಾಂಶವನ್ನು ಅಲ್ಲೇ ಬಿಡುತ್ತೇನೆ. ಮುನ್ನೂರು ಪುಟ ಬರೆದ ಮೇಲೆ ಇದು ತಿಳಿದರೆ ತಿಂಗಳುಗಟ್ಟಲೆ ಕೆಲಸ ಹಾಳು.

ದುಡ್ಡು ಕೇಳದ ತಂತ್ರಾಂಶವೆಲ್ಲ ಮುಕ್ತವಲ್ಲ. ಟಿಪ್ಪಣಿ ಬರೆಯುವ ಅಬ್ಸಿಡಿಯನ್ ಉಚಿತವಾಗಿ ಸಿಕ್ಕರೂ ಅದರ ಮೂಲ ಸಂಕೇತ ತೆರೆದಿಲ್ಲ; ಆದರೆ ಬರಹವನ್ನು ಸಾದಾ ಮಾರ್ಕ್‌ಡೌನ್ ಕಡತಗಳಲ್ಲಿ (ಶೀರ್ಷಿಕೆ, ದಪ್ಪಕ್ಷರಗಳನ್ನು ಚಿಹ್ನೆಗಳಿಂದ ಗುರುತಿಸುವ ಪಠ್ಯ) ಇಡುವುದರಿಂದ ನಾಳೆ ಅದು ನಿಂತುಹೋದರೂ ಬರಹ ನಮ್ಮ ಕೈಯಲ್ಲೇ ಇರುತ್ತದೆ. ಪರವಾನಗಿಯಷ್ಟೇ ಕಡತದ ಸ್ವರೂಪವೂ ಮುಖ್ಯ. ಒಡಿಟಿ, ಮಾರ್ಕ್‌ಡೌನ್, ಆದೇಶಗಳನ್ನು ಬರೆದು ಪುಟ ಕಟ್ಟಿಸುವ ಲೇಟೆಕ್, ಈ ಮೂರರಲ್ಲಿ ಒಂದರಲ್ಲಿ ಬರಹ ಉಳಿಯಬೇಕು. ಒಡಿಟಿ ಎಂದರೆ ಮುಂದೆ ಹೇಳುವ ಲಿಬ್ರೆಆಫೀಸ್ ಬರಹ ಉಳಿಸುವ ಸ್ವರೂಪ; ಅದು ಒಂದು ಜಿಪ್ ಕಡತ. ಕೆಟ್ಟುಹೋದಾಗ ಬಿಚ್ಚಿ ಒಳಗಿನ ಎಕ್ಸ್‌ಎಂಎಲ್‌ನಿಂದ ಪಠ್ಯ ಎತ್ತಿಕೊಳ್ಳಲು ಎಷ್ಟೋ ಬಾರಿ ಸಾಧ್ಯವಾಗುತ್ತದೆ. ಪಿಡಿಎಫ್ ಅನ್ನು ಮಾತ್ರ ಎಂದೂ ಮೂಲಪ್ರತಿ ಎಂದು ನಂಬಬೇಡಿ. ಅದರಿಂದ ಕನ್ನಡ ನಕಲು ಮಾಡಿದರೆ ಸ್ವರಚಿಹ್ನೆ, ಒತ್ತುಗಳ ಕ್ರಮ ಕಲಸಿಹೋಗುವುದೇ ಹೆಚ್ಚು.

ಹೆಚ್ಚಿನ ಪುಸ್ತಕಗಳಿಗೆ ನನ್ನ ಆಯ್ಕೆ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದ ಬರಹದ ಭಾಗವಾದ ರೈಟರ್. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಇದು ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಉಪಕರಣ ಬಳಸುತ್ತದೆ, ಹಾಗಾಗಿ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಕನ್ನಡಿಗರು ಎಡವುವುದು ಬೇರೆಡೆ. ರೈಟರ್ ಕನ್ನಡವನ್ನು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುಂಪಿನಲ್ಲಿ ಇಟ್ಟು, ಅದಕ್ಕೆ ಬೇರೆಯೇ ಫಾಂಟ್, ಬೇರೆಯೇ ಅಳತೆ ನೆನಪಿಡುತ್ತದೆ. ಆಯ್ಕೆಗಳಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಅದನ್ನು ಸಕ್ರಿಯಗೊಳಿಸಿ, ಭಾಷೆ ಕನ್ನಡ ಎಂದು ಗುರುತಿಸಿ. ಆಮೇಲೆ ಪ್ಯಾರಾ ಶೈಲಿಯನ್ನು ತೆರೆದು ಪಾಶ್ಚಾತ್ಯ ಮತ್ತು ಕಾಂಪ್ಲೆಕ್ಸ್ ಎರಡೂ ಕಡೆ ಫಾಂಟ್ ಮತ್ತು ಅಳತೆ ಕೊಡಿ. ಒಂದು ಕಡೆ 11, ಇನ್ನೊಂದು ಕಡೆ 12 ಉಳಿದರೆ ಅಂಕಿಗಳು, ಉದ್ಧರಣ ಚಿಹ್ನೆಗಳು ಅಲ್ಲಲ್ಲಿ ಸಣ್ಣದು ದೊಡ್ಡದಾಗಿ ಕಾಣುತ್ತವೆ, ಕಾರಣ ಗೊತ್ತಾಗುವುದೇ ಇಲ್ಲ.

ಎಫ್ 11 ಒತ್ತಿದರೆ ಶೈಲಿಗಳ ಪಟ್ಟಿ ತೆರೆಯುತ್ತದೆ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಒಳಶೀರ್ಷಿಕೆಗೆ ಹೆಡಿಂಗ್ 2, ಉಳಿದದ್ದಕ್ಕೆ ಬಾಡಿ ಟೆಕ್ಸ್ಟ್. ಕೈಯಿಂದ ದಪ್ಪಗೊಳಿಸಿ ಶೀರ್ಷಿಕೆ ಮಾಡಿದರೆ ಪರಿವಿಡಿ ತಾನಾಗಿ ಬಾರದು, ಇಪಬ್‌ನಲ್ಲಿ ಅಧ್ಯಾಯಗಳು ಬೇರೆಯಾಗವು. ಹೊಸ ಪುಟದಲ್ಲಿ ಅಧ್ಯಾಯ ಶುರುವಾಗಲು ಎಂಟರ್ ಒತ್ತುತ್ತಾ ಹೋಗಬೇಡಿ; ಹೆಡಿಂಗ್ 1 ಶೈಲಿಯಲ್ಲೇ 'ಮೊದಲು ಪುಟ ಒಡೆ' ಎಂದು ಹೇಳಿ. ಎಫ್ 5 ಒತ್ತಿ ನ್ಯಾವಿಗೇಟರ್ ತೆರೆದರೆ ಇಡೀ ಅಧ್ಯಾಯವನ್ನು ಮೇಲೆ ಕೆಳಗೆ ಸರಿಸಬಹುದು. ಕಾದಂಬರಿಗೂ ಪ್ರಬಂಧ ಸಂಕಲನಕ್ಕೂ ಇಷ್ಟು ಸಾಕು. ಚಿತ್ರಗಳು ತೀರಾ ಹೆಚ್ಚಿದ್ದರೆ ಮಾತ್ರ ಅಧ್ಯಾಯಗಳನ್ನು ಬೇರೆ ಕಡತ ಮಾಡಿ ಮಾಸ್ಟರ್ ಡಾಕ್ಯುಮೆಂಟ್‌ನಲ್ಲಿ ಕೂಡಿಸುತ್ತೇನೆ.

ಸಾಲಿನ ಅಂತರದಲ್ಲಿ ಜಾಗ್ರತೆ ಬೇಕು. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಂತರವನ್ನು 'ಫಿಕ್ಸೆಡ್' ಎಂದು ಕಡಿಮೆ ಇಟ್ಟರೆ ಅಕ್ಷರದ ಭಾಗ ಕತ್ತರಿಸಿಹೋಗುತ್ತದೆ. 11 ಪಾಯಿಂಟ್ ಅಕ್ಷರಕ್ಕೆ 16-17 ಪಾಯಿಂಟ್ ಅಂತರ ನನಗೆ ಓದಲು ಹಿತ. ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ ಎರಡೂ ಮುಕ್ತ ಫಾಂಟ್‌ಗಳು; ಪುಸ್ತಕದೊಳಗೆ ಅಡಕ ಮಾಡಲು ಅವುಗಳ ಪರವಾನಗಿ ಬಿಡುತ್ತದೆ.

ಇನ್ನು ಕಣ್ಣಿಗೆ ಕಾಣದ ಅಕ್ಷರಗಳು. 'ಸಾಫ್ಟ್‌ವೇರ್' ಪದದಲ್ಲಿ ಟ್ ಮತ್ತು ವ ಕೂಡದಂತೆ ತಡೆಯುವುದು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) 200ಸಿ ಎಂಬ ಅಗಲವಿಲ್ಲದ ಅಕ್ಷರ. 'ರ‍್ಯಾಂಕ್' ಅರ್ಕಾವತ್ತಾಗಿ ತಿರುಗದಂತೆ ನೋಡಿಕೊಳ್ಳುವುದು 200ಡಿ. ರೈಟರ್‌ನಲ್ಲಿ ಈ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಟೈಪಿಸಿ ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಅಕ್ಷರ ಬೀಳುತ್ತದೆ. ಒಂದೇ ಪದವನ್ನು ಒಮ್ಮೆ ಇದರೊಂದಿಗೆ, ಒಮ್ಮೆ ಇಲ್ಲದೆ ಬರೆದಿದ್ದರೆ ಹುಡುಕು-ಬದಲಿಸು ಅರ್ಧ ಜಾಗಗಳನ್ನು ತಪ್ಪಿಸಿಬಿಡುತ್ತದೆ, ಪದಸೂಚಿಯಲ್ಲಿ ಒಂದೇ ಪದ ಎರಡು ಸಲ ಬರುತ್ತದೆ. ಹಾಗಾಗಿ ಇಂಥ ಪದಗಳ ಒಂದು ಪಟ್ಟಿ ಮಾಡಿ ಕೊನೆಗೆ ಒಟ್ಟಿಗೆ ಸರಿಪಡಿಸುತ್ತೇನೆ. ಎಲ್ಲ 200ಡಿ ಅಳಿಸಿಬಿಡುವುದು ಬೇಡ, ರ‍್ಯಾಂಕ್‌ಗಳೆಲ್ಲ ರ್ಯಾಂಕ್ ಆಗುತ್ತವೆ.

ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಬರಹವಿದ್ದರೆ ಮೊದಲ ದಿನವೇ ಯೂನಿಕೋಡ್‌ಗೆ ತನ್ನಿ. ಅಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ರೋಮನ್ ಸಂಕೇತಗಳೇ. ಆದ್ದರಿಂದ ಪರಿವರ್ತಕಕ್ಕೆ ಕೊಡುವ ಮುನ್ನ ನಿಜವಾದ ಇಂಗ್ಲಿಷ್ ಪದಗಳನ್ನು ಬೇರೆ ತೆಗೆದಿಡಬೇಕು, ಇಲ್ಲವಾದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಬಳಿಕ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ.

ದೃಶ್ಯ, ಪಾತ್ರಗಳ ಟಿಪ್ಪಣಿ ಜೋಡಿಸಿಟ್ಟುಕೊಂಡು ಬರೆಯುವವರಿಗೆ ನಾವೆಲ್‌ರೈಟರ್ ಒಳ್ಳೆಯದು. ಪ್ರತಿ ದೃಶ್ಯವನ್ನೂ ಸಾದಾ ಪಠ್ಯವಾಗಿ ಉಳಿಸಿ, ಕೊನೆಗೆ ಒಡಿಟಿ ಮಾಡಿ ಕೊಡುತ್ತದೆ. ಮ್ಯಾನುಸ್ಕ್ರಿಪ್ಟ್ ಕೂಡ ಅದೇ ಜಾತಿಯದು. ಮುದ್ರಣದ ಪುಟ ಕಟ್ಟುವ ಕೆಲಸ ಇವುಗಳದ್ದಲ್ಲ.

ಗಣಿತ, ನೂರಾರು ಅಡಿಟಿಪ್ಪಣಿ ಇರುವ ಪುಸ್ತಕಕ್ಕೆ ಲೇಟೆಕ್‌ನ ಯೂನಿಕೋಡ್ ಬಲ್ಲ ರೂಪವಾದ ಜೀಲೇಟೆಕ್. ಫಾಂಟ್ ಹೆಸರಿನ ಜೊತೆ 'ಸ್ಕ್ರಿಪ್ಟ್' ಕನ್ನಡ ಎಂದು ಕೊಡಲೇಬೇಕು, ಕೊಡದಿದ್ದರೆ ಒತ್ತುಗಳು ಕೂಡಿಕೊಳ್ಳುವುದಿಲ್ಲ. ಅದೇ ಬಗೆಯ ಇನ್ನೊಂದು ರೂಪವಾದ ಲುಆಲೇಟೆಕ್ ಬಳಸಿದರೆ ರೆಂಡರರ್ ಹಾರ್ಫ್‌ಬಜ್ ಎಂದೂ ಸೇರಿಸಿ. ಚಿತ್ರಗಳೇ ಪ್ರಧಾನವಾದ ಪುಸ್ತಕಕ್ಕೆ ಪುಟ ವಿನ್ಯಾಸದ ತಂತ್ರಾಂಶ ಸ್ಕ್ರೈಬಸ್. ಆದರೆ ಹಳೆಯ 1.4 ಸರಣಿಯಲ್ಲಿ ಕನ್ನಡ ಒಡೆಯುತ್ತದೆ, 1.6 ಹಾಕಿಕೊಳ್ಳಿ. ಪಠ್ಯ ತಿದ್ದುವುದೆಲ್ಲ ಮುಗಿದ ಮೇಲಷ್ಟೇ ಅಲ್ಲಿಗೆ ಒಯ್ಯಬೇಕು. ಆಮೇಲೆ ರೈಟರ್‌ನಲ್ಲಿ ಮಾಡಿದ ತಿದ್ದುಪಡಿ ಅಲ್ಲಿಗೆ ತಾನಾಗಿ ಹೋಗದು.

ಇಪಬ್‌ಗೆ ಒಡಿಟಿಯನ್ನು ಇ-ಪುಸ್ತಕ ಪರಿವರ್ತಕವಾದ ಕ್ಯಾಲಿಬರ್‌ನಲ್ಲಿ ಪರಿವರ್ತಿಸಿ, ಇಪಬ್ ತಿದ್ದುವ ತಂತ್ರಾಂಶವಾದ ಸಿಜಿಲ್‌ನಲ್ಲಿ ತೆರೆದು ಅಧ್ಯಾಯ ಒಡೆದದ್ದು ಸರಿಯೇ ಎಂದು ನೋಡುತ್ತೇನೆ. ಫಾಂಟ್ ಅಡಕ ಮಾಡಿದರೂ ಓದುವ ಸಾಧನಕ್ಕೆ ಕನ್ನಡ ಜೋಡಿಸಲು ಬಾರದಿದ್ದರೆ ಒತ್ತು ಪಕ್ಕದಲ್ಲೇ ನಿಲ್ಲುತ್ತದೆ. ಅದು ಕಡತದ ತಪ್ಪಲ್ಲ. ಮುದ್ರಣದ ಪಿಡಿಎಫ್‌ನಲ್ಲಿ ಗುಣಲಕ್ಷಣಗಳ ಫಾಂಟ್ ಪಟ್ಟಿ ತೆರೆದು ಪ್ರತಿಯೊಂದರ ಮುಂದೆ 'ಎಂಬೆಡೆಡ್' (ಅಡಕವಾಗಿದೆ) ಎಂದಿದೆಯೇ ನೋಡಿ. ಕೊನೆಗೆ ನಾಲ್ಕು ಪುಟಗಳನ್ನು ಅಳತೆ ಕುಗ್ಗಿಸದೆ ಕಾಗದದ ಮೇಲೆ ತೆಗೆಯಿರಿ. ಪರದೆಯ ಮೇಲೆ ಹಿಗ್ಗಿಸಿ ಓದುವಾಗ ಚೆನ್ನಾಗಿ ಕಂಡ ಒತ್ತು, ಕಾಗದದಲ್ಲಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದರೆ ಸಾಲಿನ ಅಂತರ ಇನ್ನೊಂದು ಪಾಯಿಂಟ್ ಏರಿಸಬೇಕು.