ಕಿತ್ತಳೆಯ ಸುತ್ತ ಎಂಟು ಅಡಿಕೆ: ಕ್ಯಾರಿಯರ್ ಕಾವಲಿನ ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗ ರಜೆಗೆ ನಮ್ಮ ಮನೆಗೆ ಬಂದಿದ್ದ. ಏಳನೇ ಕ್ಲಾಸಿನ ಹುಡುಗ. ನಮ್ಮ ಮನೆ ನಾಪೋಕ್ಲು ಕಡೆ. ಕಾಫಿ ಕೊಯ್ಲು ನಡೆದಿತ್ತು. ಕಣದ ಒಂದು ಪಕ್ಕ ಹಣ್ಣು ಹರಡಿದ್ದೆವು, ಇನ್ನೊಂದು ಪಕ್ಕ ಖಾಲಿ ಇತ್ತು. ಅಲ್ಲಿ ಅವನು ಒಂದು ಕಿತ್ತಳೆ ಇಟ್ಟು, ಅದಕ್ಕೆ ಅಂಟಿಕೊಂಡ ಹಾಗೆ ಸುತ್ತಲೂ ಎಂಟು ಹಣ್ಣಡಿಕೆ ಜೋಡಿಸಿದ್ದ.

"ಮಾವ, ಇದು ನಿಮ್ಮ ವಿರಾಟ್. ಇವೆಲ್ಲ ಕಾವಲಿನ ಹಡಗು. ಸರಿ ಇದ್ಯಾ?"

ವಿರಾಟ್ ಅಂದರೆ ನಮ್ಮ ನೌಕಾಪಡೆಯಲ್ಲಿದ್ದ ಕ್ಯಾರಿಯರ್, ವಿಮಾನ ಏರಿ ಇಳಿಯುವ ಯುದ್ಧಹಡಗು. ಪೇಪರಿನಲ್ಲಿ ಬರುವ ಫೋಟೋಗಳಲ್ಲಿ ಹಾಗೇ ಕಾಣುತ್ತದೆ, ಅವನ ತಪ್ಪಲ್ಲ. ಆದರೆ ಆ ಹಡಗುಗಳು ಅಷ್ಟು ಹತ್ತಿರ ಬಂದಿರುವುದು ಫೋಟೋಗೋಸ್ಕರ. ಕೆಲಸದ ಹೊತ್ತಿನಲ್ಲಿ ಎಷ್ಟೋ ಸಲ ನಮ್ಮ ಕಾವಲು ಹಡಗಿನ ಬ್ರಿಡ್ಜಿನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ ನೋಡಿದರೆ ಕ್ಯಾರಿಯರ್ ಕಣ್ಣಿಗೇ ಬೀಳುತ್ತಿರಲಿಲ್ಲ. ರಾಡಾರಿನಲ್ಲಿ ಒಂದು ಚುಕ್ಕಿ, ಅಷ್ಟೇ.

ಕೊಡಗಿನವರು ಅಂದ ತಕ್ಷಣ ಎಲ್ಲರೂ ಸೈನ್ಯ ಎಂದುಕೊಳ್ಳುತ್ತಾರೆ. ನಾನು ಸಮುದ್ರಕ್ಕೆ ಹೋದವನು. 1989ರಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ, ಆಮೇಲೆ ಕೊಚ್ಚಿಯಲ್ಲಿ ರಾಡಾರ್ ಪ್ಲಾಟರ್ ಕೋರ್ಸ್. 2012ರಲ್ಲಿ ನಿವೃತ್ತಿಯಾಗುವವರೆಗೆ ಜಾಸ್ತಿ ವರ್ಷ ಎಸ್ಕಾರ್ಟ್, ಅಂದರೆ ಕಾವಲಿನ ಹಡಗುಗಳ ಆಪ್ಸ್ ರೂಮಿನ (ರಾಡಾರ್ ನೋಡುವ ಕೋಣೆಯ) ಕತ್ತಲೆಯಲ್ಲೇ ಕಳೆದೆ. ಯಾವ ಹಡಗು ಎಲ್ಲಿದೆ, ಎತ್ತ ಹೋಗುತ್ತಿದೆ, ನಮಗೆ ಎಷ್ಟು ಹತ್ತಿರ ಬರುತ್ತದೆ ಎಂದು ಗುರುತು ಹಾಕುತ್ತಾ ಕೂರುವುದೇ ಪ್ಲಾಟರ್ ಕೆಲಸ.

ಹುಡುಗನಿಗೆ ಸ್ಕೇಲ್ ಹಾಕಿಕೊಟ್ಟೆ. ನನ್ನ ಒಂದು ಹೆಜ್ಜೆ, ಸುಮಾರು ಮುಕ್ಕಾಲು ಮೀಟರ್, ಅಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ವಿರಾಟ್ 226 ಮೀಟರ್ ಉದ್ದ. ಈ ಲೆಕ್ಕದಲ್ಲಿ 9 ಸೆಂಟಿಮೀಟರ್ ಆಗುತ್ತದೆ, ದಪ್ಪ ಕಿತ್ತಳೆಯಷ್ಟು. ಆಗಿನ ಗೋದಾವರಿ ಜಾತಿಯ ಫ್ರಿಗೇಟು ಎಂಬ ಕಾವಲು ಹಡಗು 126 ಮೀಟರ್, ಅಂದರೆ 5 ಸೆಂಟಿಮೀಟರ್. ಸರಿಯಾಗಿ ಒಂದು ಹಣ್ಣಡಿಕೆ! ಅವನು ಆರಿಸಿದ್ದು ಸರಿಯಾಗೇ ಇತ್ತು, ಇಟ್ಟ ಜಾಗ ಮಾತ್ರ ತಪ್ಪಿತ್ತು.

ಮೊದಲು ಆಕಾಶದ ಲೆಕ್ಕ ಹೇಳಿದೆ. ಭೂಮಿ ಗುಂಡಗಿದೆ, ರಾಡಾರಿನ ಕಿರಣ ಹೆಚ್ಚುಕಮ್ಮಿ ನೇರ ಹೋಗುತ್ತದೆ. ನೀರಿನ ಮೇಲೆ 25 ಮೀಟರ್ ಎತ್ತರದಲ್ಲಿರುವ ರಾಡಾರಿಗೆ, 10 ಮೀಟರ್ ಎತ್ತರದಲ್ಲಿ ಅಲೆ ಸವರಿಕೊಂಡು ಬರುವ ಮಿಸೈಲು ಸುಮಾರು 34 ಕಿಲೋಮೀಟರ್ ದೂರಕ್ಕೆ ಬರುವ ತನಕ ಕಾಣುವುದೇ ಇಲ್ಲ. ಅದು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಬಂದರೆ ಉಳಿಯುವುದು ಎರಡು ನಿಮಿಷಕ್ಕೂ ಕಡಿಮೆ. ಕಣದಲ್ಲಿ ಅದು 18 ಹೆಜ್ಜೆ. ಕಿತ್ತಳೆಯ ಹತ್ತಿರ ಅಡಿಕೆಗಳನ್ನು ಎಷ್ಟು ಒತ್ತಾಗಿ ಇಟ್ಟರೂ ಎಲ್ಲ ಸೇರಿ ನೋಡುವುದು ಆ 18 ಹೆಜ್ಜೆಯನ್ನೇ.

ಒಂದು ಅಡಿಕೆ ಎತ್ತಿಕೊಂಡು, ಶತ್ರು ಬರಬಹುದಾದ ದಿಕ್ಕಿಗೆ 20 ಹೆಜ್ಜೆ ನಡೆದು ಇಟ್ಟೆ. ಕಣದ ಅಂಚು ಬಂತು. ಅದಕ್ಕೂ ತನ್ನದೇ 18 ಹೆಜ್ಜೆಯ ಕಣ್ಣಿದೆ. ಈಗ ಕ್ಯಾರಿಯರಿಗೆ ಒಟ್ಟು 38 ಹೆಜ್ಜೆ ಸಿಕ್ಕಿತು, ಗಡಿಯಾರದಲ್ಲಿ ಸುಮಾರು ನಾಲ್ಕು ನಿಮಿಷ. ಈ ಹಡಗಿಗೆ ಪಿಕೆಟ್ ಎನ್ನುತ್ತೇವೆ. ಇನ್ನೂ ದೂರ ನೋಡಬೇಕಾದರೆ ರಾಡಾರನ್ನೇ ಮೇಲಕ್ಕೆ ಏರಿಸಬೇಕು. ಕಾಮೋವ್-31 ಹೆಲಿಕಾಪ್ಟರ್ ಇರುವುದು ಅದಕ್ಕೇ. 3,000 ಮೀಟರ್ ಎತ್ತರದಿಂದ ಕಣ್ಣಿನ ಗೆರೆ 200 ಕಿಲೋಮೀಟರ್ ದಾಟುತ್ತದೆ.

"ಹಾಗಾದ್ರೆ ಎಲ್ಲಾನೂ ದೂರವೇ ಇಡೋಣ," ಅಂದ.

ನಮ್ಮಲ್ಲಿ ಹಾಕಿ ಗೊತ್ತಿಲ್ಲದ ಮಗು ಉಂಟೇ? ಮುಂದಿನದನ್ನು ಹಾಕಿಯಲ್ಲೇ ಹೇಳಿದೆ. ಹನ್ನೊಂದು ಜನರೂ ನಮ್ಮ ಗೋಲಿನ ಮುಂದಿನ ಡಿ ಒಳಗೆ ನಿಂತರೆ ಮ್ಯಾಚ್ ಮುಗಿದ ಹಾಗೆ. ಹಾಗಂತ ಎಲ್ಲರೂ ಮುಂದೆ ಓಡಿದರೆ ಹಿಂದೆ ಯಾರು? ಸಮುದ್ರದಲ್ಲೂ ಕ್ಯಾರಿಯರಿನ ಪಕ್ಕದಲ್ಲೇ ನಿಲ್ಲುವ ಒಂದು ಹಡಗನ್ನು ಗೋಲ್‌ಕೀಪರ್ ಎಂದೇ ಕರೆಯುತ್ತಾರೆ. ಎಲ್ಲರನ್ನೂ ತಪ್ಪಿಸಿಕೊಂಡು ಬಂದ ಮಿಸೈಲನ್ನು ಕೊನೇ ಗಳಿಗೆಯಲ್ಲಿ ಹೊಡೆಯುವುದು ಅದರ ಪಾಲು. ಅದಕ್ಕಿಂತ ಹೊರಗೆ, ದೂರದವರೆಗೆ ಹೊಡೆಯುವ ಮಿಸೈಲಿನ ಡಿಸ್ಟ್ರಾಯರು ಎಂಬ ಯುದ್ಧಹಡಗುಗಳು. ಎಲ್ಲಕ್ಕಿಂತ ಹೊರಗೆ ಕ್ಯಾರಿಯರಿನ ಸ್ವಂತ ಫೈಟರ್ ವಿಮಾನಗಳು.

ಪಿಕೆಟ್ ಕೆಲಸ ಸುಮ್ನೆ ಅಲ್ಲ. ವಿರಾಟ್ ನಮ್ಮದಾಗಿದ್ದು 1987ರಲ್ಲಿ. ಅದಕ್ಕೂ ಮೊದಲು ಅದು ಬ್ರಿಟಿಷರ ಹರ್ಮಿಸ್. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಆ ಹರ್ಮಿಸ್ ಇದ್ದ ಪಡೆಯ ಮುಂದೆ ಪಿಕೆಟ್ ನಿಂತಿದ್ದ ಶೆಫೀಲ್ಡ್ ಎಂಬ ಡಿಸ್ಟ್ರಾಯರಿಗೆ ಮೇ 4ರಂದು ಎಕ್ಸೊಸೆಟ್ ಮಿಸೈಲ್ ಬಡಿಯಿತು. 20 ಜನ ಸತ್ತರು. ವಿರಾಟ್ ಡೆಕ್ ಮೇಲೆ ನಾನು ಮೊದಲ ಸಲ ಕಾಲಿಟ್ಟಾಗ ನೆನಪಾದದ್ದು ಆ 20 ಜನ. ಈ ಹಡಗು ನಮ್ಮ ಕೈಗೆ ಬಂದಿದ್ದರ ಹಿಂದೆ ಅವರೂ ಇದ್ದಾರೆ.

ನೀರಿನಡಿಯ ಲೆಕ್ಕ ಬೇರೆಯೇ. ಒಂದು ಕಾಫಿ ಹಣ್ಣನ್ನು ಹುಡುಗನ ಕೈಗೆ ಕೊಟ್ಟು, ಇದು ಸಬ್‌ಮರೀನ್, ಎಲ್ಲಿ ಇಡುತ್ತೀಯಾ ಎಂದು ಕೇಳಿದೆ. ಕಿತ್ತಳೆಯ ಹಿಂದೆ ಇಟ್ಟ. ಕಳ್ಳ ಹಿಂದಿನಿಂದ ಬರುತ್ತಾನೆ ಎಂಬ ಯೋಚನೆ. ಆದರೆ ಡೀಸೆಲ್ ಸಬ್‌ಮರೀನು ಮುಳುಗಿಕೊಂಡು ಸದ್ದಿಲ್ಲದೆ ಹೋಗುವಾಗ ನಾಲ್ಕೈದು ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗ ಇದ್ದರೆ ಜಾಸ್ತಿ. ಕ್ಯಾರಿಯರ್ 20 ನಾಟ್‌ನಲ್ಲಿ ಓಡುತ್ತಿರುತ್ತದೆ. ಹಿಂದಿನಿಂದ ಹಿಡಿಯಲು ಆಗುವುದಿಲ್ಲ. ದಾರಿಯಲ್ಲಿ ಮುಂದೆಯೇ ಬಂದು ಕಾದು ಕೂರಬೇಕು. ಅದಕ್ಕೇ ಸೋನಾರ್, ಅಂದರೆ ನೀರಿನಡಿಯ ಸದ್ದು ಕೇಳುವ ಯಂತ್ರ ಇರುವ ಹಡಗುಗಳನ್ನು ಕ್ಯಾರಿಯರಿನ ಮುಂದೆ ಬೀಸಣಿಗೆ ಬಿಚ್ಚಿದ ಹಾಗೆ ಹರಡುತ್ತೇವೆ. ಇದೇ ಸ್ಕ್ರೀನ್.

ಸ್ಕ್ರೀನಿನಲ್ಲಿ ನಮಗೆ ಕೊಡುತ್ತಿದ್ದುದು ಒಂದು ಬಿಂದುವಲ್ಲ, ಒಂದು ಸೆಕ್ಟರ್. ಕ್ಯಾರಿಯರಿನಿಂದ ಇಂಥ ಡಿಗ್ರಿಯಿಂದ ಇಂಥ ಡಿಗ್ರಿಯವರೆಗೆ, ಇಷ್ಟು ಗಜದಿಂದ ಇಷ್ಟು ಗಜದವರೆಗೆ. ಹೋಳಿಗೆಯ ಒಂದು ತುಂಡಿನ ತುದಿ ಕತ್ತರಿಸಿ ತೆಗೆದರೆ ಉಳಿಯುವ ಆಕಾರ. ಅದರೊಳಗೆ ನಾವು ಒಂದೇ ಕಡೆ ನಿಲ್ಲದೆ, ಒಂದೇ ಕ್ರಮದಲ್ಲೂ ಓಡಾಡದೆ ತಿರುಗುತ್ತಿರಬೇಕು. ನಾವು ಎಲ್ಲಿರುತ್ತೇವೆ ಎಂದು ಸಬ್‌ಮರೀನಿನ ಕ್ಯಾಪ್ಟನ್ನಿಗೆ ಮೊದಲೇ ಗೊತ್ತಾದರೆ ಅವನು ಸಂದು ನೋಡಿ ನುಗ್ಗುತ್ತಾನೆ.

ಇಲ್ಲೊಂದು ತಾಪತ್ರಯ ಇದೆ. ಹಡಗು ಜೋರಾಗಿ ಓಡಿದಷ್ಟೂ ನೀರಿನ ಸದ್ದಿಗೆ ಅದರ ಸೋನಾರ್ ಕಿವುಡಾಗುತ್ತದೆ. ಕ್ಯಾರಿಯರಿನ ಮುಂದೆ ಇರಬೇಕಾದರೆ ಓಡಲೇಬೇಕು, ಕೇಳಿಸಿಕೊಳ್ಳಬೇಕಾದರೆ ನಿಧಾನ ಮಾಡಲೇಬೇಕು. ಸ್ವಲ್ಪ ದೂರ ಓಡಿ, ನಿಧಾನ ಮಾಡಿ ಕೇಳಿ, ಮತ್ತೆ ಓಡುವುದು ಒಂದು ದಾರಿ. ಇನ್ನೊಂದು ದಾರಿ ಸೀ ಕಿಂಗ್ ಹೆಲಿಕಾಪ್ಟರ್. ಅದು ನೀರಿನ ಮೇಲೆ ನಿಂತಲ್ಲೇ ನಿಂತು, ಬಾವಿಗೆ ಕೊಡ ಇಳಿಸಿದ ಹಾಗೆ ಸೋನಾರ್ ಇಳಿಸಿ ಕೇಳುತ್ತದೆ. ನನ್ನ ಮಟ್ಟಿಗೆ ಸ್ಕ್ರೀನಿನಲ್ಲಿ ಎರಡು ಒಳ್ಳೇ ಹೆಲಿಕಾಪ್ಟರ್ ಇದ್ದರೆ ಒಂದು ಹಡಗು ಕಡಿಮೆ ಇದ್ದರೂ ನಡೆಯುತ್ತದೆ.

ಇಷ್ಟೆಲ್ಲ ಜೋಡಿಸಿ ಆದ ಮೇಲೆ ಗಾಳಿ ಬರುತ್ತದೆ. ವಿಮಾನ ಏರಬೇಕಾದರೂ ಇಳಿಯಬೇಕಾದರೂ ಕ್ಯಾರಿಯರ್ ಗಾಳಿಗೆ ಎದುರಾಗಿ ತಿರುಗಿಕೊಂಡು ಓಡುತ್ತದೆ. ಆ ಕ್ಷಣಕ್ಕೆ ಮುಂದೆ ಅನ್ನುವುದೇ ಬೇರೆ ದಿಕ್ಕಾಗುತ್ತದೆ. ನಾವು ಕಟ್ಟಿದ್ದ ಬೀಸಣಿಗೆ ಈಗ ಪಕ್ಕಕ್ಕೋ ಹಿಂದಕ್ಕೋ ಬಿದ್ದಿರುತ್ತದೆ. 1939ರ ಸೆಪ್ಟೆಂಬರ್ 17ರಂದು ಬ್ರಿಟಿಷರ ಕರೇಜಿಯಸ್ ಮುಳುಗಿದ್ದು ಹೀಗೆ. ಅದರ ನಾಲ್ಕು ಎಸ್ಕಾರ್ಟುಗಳಲ್ಲಿ ಎರಡು, ಯಾವುದೋ ವ್ಯಾಪಾರಿ ಹಡಗಿನ ಸಹಾಯಕ್ಕೆ ಹೋಗಿದ್ದವು. ವಿಮಾನ ಇಳಿಸಲೆಂದು ಕ್ಯಾರಿಯರ್ ಗಾಳಿಗೆ ತಿರುಗಿತು. ತಿರುಗಿದ್ದು ಜರ್ಮನ್ ಸಬ್‌ಮರೀನ್ ಯು-29ರ ಎದುರಿಗೇ. 500ಕ್ಕೂ ಹೆಚ್ಚು ಜನ ಸತ್ತರು.

ವಿಮಾನ ಇಳಿಯುವಾಗ ಒಂದು ಎಸ್ಕಾರ್ಟ್ ಕ್ಯಾರಿಯರಿನ ಹಿಂದೆ, ಸಾವಿರ ಗಜದ ಆಸುಪಾಸಿನಲ್ಲಿ ಬರುವ ಪದ್ಧತಿ ಇದೆ. ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳಲು. ಇದಕ್ಕೆ ಪ್ಲೇನ್ ಗಾರ್ಡ್ ಎನ್ನುತ್ತೇವೆ. ಕೇಳಲು ಸುಲಭ. ಆದರೆ ಮುಂದಿನ ಸೆಕ್ಟರಿನಿಂದ ಕತ್ತಲೆಯಲ್ಲಿ ಹಿಂದಕ್ಕೆ ಹೋಗುವ ಆ ಹತ್ತು ನಿಮಿಷವೇ ಎಲ್ಲಕ್ಕಿಂತ ಅಪಾಯದ್ದು.

ತೊಂಬತ್ತರ ದಶಕದ ಕೊನೆ. ಅರಬ್ಬೀ ಸಮುದ್ರ, ರಾತ್ರಿ ಎರಡರ ಹೊತ್ತು. ನಾವು ಮುಂದೆ ಬಲಗಡೆಯ ಸೆಕ್ಟರಿನಲ್ಲಿದ್ದೆವು. ಪ್ಲೇನ್ ಗಾರ್ಡಿಗೆ ಬನ್ನಿ ಎಂದು ಆರ್ಡರ್ ಬಂತು. ಕ್ಯಾರಿಯರ್ ಯಾವ ಕೋರ್ಸಿಗೆ, ಅಂದರೆ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಕಾಲು ಗಂಟೆ ಮೊದಲೇ ಬರೆದುಕೊಂಡಿದ್ದೆ. ಅಷ್ಟರಲ್ಲಿ ಗಾಳಿ ಸ್ವಲ್ಪ ತಿರುಗಿತ್ತು, ಹೊಸ ಕೋರ್ಸ್ ಬಂದಿತ್ತು. ನಾನು ಲೆಕ್ಕ ಹಾಕಿದ್ದು ಹಳೆಯದರ ಮೇಲೆ.

ಹಡಗು ತಿರುಗಿತು. ನಾನು ಕ್ಯಾರಿಯರಿನ ಬೇರಿಂಗ್, ಅಂದರೆ ಅದು ನಮ್ಮಿಂದ ಎಷ್ಟು ಡಿಗ್ರಿಯ ದಿಕ್ಕಿನಲ್ಲಿದೆ ಎಂದು ಓದಿದೆ. 1-1-5, ದೂರ 5,200 ಗಜ. ಒಂದು ನಿಮಿಷ ಬಿಟ್ಟು ಮತ್ತೆ ಓದಿದೆ. 1-1-5, ದೂರ 4,000. ಮೇಲೆ ಬ್ರಿಡ್ಜಿನಿಂದ ಆಫೀಸರ್ ಕೇಳಿದರು, "ಬೇರಿಂಗ್ ಸರೀತಾ ಇದೆಯಾ?" ನನ್ನ ಬಾಯಿ ಒಣಗಿತ್ತು. "ಇಲ್ಲ ಸರ್. ಸ್ಟೆಡಿ."

ದೂರ ಕಡಿಮೆ ಆಗುತ್ತಿದೆ, ದಿಕ್ಕು ಬದಲಾಗುತ್ತಿಲ್ಲ ಅಂದರೆ ಡಿಕ್ಕಿ. ಅದರಲ್ಲಿ ಬೇರೆ ಅರ್ಥವೇ ಇಲ್ಲ. ಅವರು ತಡಮಾಡದೆ ಚುಕ್ಕಾಣಿ ಪೂರ್ತಿ ತಿರುಗಿಸಿ, ಕ್ಯಾರಿಯರಿಗೆ ಬೆನ್ನು ಹಾಕಿ ಹೊರಗೆ ತಂದರು. ಆಪ್ಸ್ ರೂಮಿನಲ್ಲಿ ಟೇಬಲ್ ಮೇಲಿದ್ದ ಪೆನ್ಸಿಲ್, ಸ್ಕೇಲ್ ಎಲ್ಲ ಜಾರಿ ಬಿದ್ದವು. ನಿಧಾನವಾಗಿ ಬೇರಿಂಗ್ 1-1-8 ಆಯಿತು, 1-2-4 ಆಯಿತು. ಆಗ ಉಸಿರು ಬಿಟ್ಟೆ.

ಬೆಳಿಗ್ಗೆ ನಮ್ಮ ಚೀಫ್ ನನ್ನನ್ನು ಕೂರಿಸಿ ಆ ಪ್ಲಾಟನ್ನು ಮೂರು ಸಲ ಬರೆಸಿದರು. ಬೈಯಲಿಲ್ಲ. ಎದುರಿಗೆ ಒಂದೇ ಹೆಸರು ಬರೆದಿಟ್ಟರು: ಮೆಲ್ಬೋರ್ನ್. ಆಸ್ಟ್ರೇಲಿಯಾದ ಆ ಕ್ಯಾರಿಯರಿಗೆ 1964ರಲ್ಲಿ ಅದರದೇ ಎಸ್ಕಾರ್ಟ್ ವಾಯೇಜರ್ ಅಡ್ಡ ಬಂದು ತುಂಡಾಯಿತು, 82 ಜನ ಹೋದರು. 1969ರಲ್ಲಿ ಅದೇ ಕ್ಯಾರಿಯರಿಗೆ ಅಡ್ಡ ಬಂದದ್ದು ಅಮೆರಿಕದ ಹಡಗು ಫ್ರ್ಯಾಂಕ್ ಇ. ಇವಾನ್ಸ್, 74 ಜನ. ಎರಡೂ ರಾತ್ರಿ ಹೊತ್ತು. ಎರಡೂ ಪ್ಲೇನ್ ಗಾರ್ಡ್ ಜಾಗಕ್ಕೆ ಹೋಗುತ್ತಿದ್ದಾಗ. ಅಂದಿನಿಂದ ನಾನು ಕೋರ್ಸ್ ಬರೆದುಕೊಂಡರೆ ಪಕ್ಕದಲ್ಲಿ ಗಂಟೆ, ನಿಮಿಷ ಬರೆಯುತ್ತಿದ್ದೆ. ಹೊಸ ಕೋರ್ಸ್ ಬಂದರೆ ಹಳೆಯದನ್ನು ಒರೆಸಿ ತೆಗೆಯುತ್ತಿದ್ದೆ, ಗೀಟು ಹಾಕಿ ಬಿಡುತ್ತಿರಲಿಲ್ಲ. ನನ್ನ ಕೆಳಗೆ ಬಂದ ಹುಡುಗರಿಗೂ ಮೊದಲ ದಿನ ಹೇಳಿಕೊಟ್ಟಿದ್ದು ಇದನ್ನೇ: ಕ್ಯಾರಿಯರಿನ ಮೂತಿಯ ಮುಂದೆ ಅಡ್ಡ ಹೋಗುವ ಲೆಕ್ಕ ಬಂದರೆ, ಆ ಲೆಕ್ಕ ಹರಿದು ಹಾಕಿ ಹೊರಗಿನಿಂದ ಸುತ್ತಿ ಬನ್ನಿ.

ಹುಡುಗ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಷ್ಟು ದೊಡ್ಡ ಹಡಗು ತನ್ನನ್ನು ತಾನು ನೋಡ್ಕೊಳ್ಳೋಕೆ ಆಗಲ್ವಾ ಮಾವ?" ಎಂದ. ನಾನು ವಿಕ್ರಮಾದಿತ್ಯನ ವಿಷಯ ಹೇಳಿದೆ. 2013ರ ನವೆಂಬರ್ 16ರಂದು ರಷ್ಯಾದಲ್ಲಿ ನಮ್ಮ ಧ್ವಜ ಏರಿಸಿದಾಗ, 284 ಮೀಟರ್ ಉದ್ದದ ಆ ಹಡಗಿನಲ್ಲಿ ವಿಮಾನ ಹೊಡೆಯುವ ಮಿಸೈಲು ಒಂದೂ ಇರಲಿಲ್ಲ. ಫ್ರಿಗೇಟ್ ತ್ರಿಕಂಡ್ ಮತ್ತು ಟ್ಯಾಂಕರ್ ದೀಪಕ್ ಜೊತೆಗೂಡಿ ಕಾರವಾರಕ್ಕೆ ಕರೆತಂದವು.

ಟ್ಯಾಂಕರ್ ಅಂದಾಗ ಅವನ ಜೋಡಣೆಯಲ್ಲಿ ಅದೇ ಇಲ್ಲ ಎಂದು ಗೊತ್ತಾಯಿತು. ಎಲ್ಲರೂ ಮರೆಯುವುದು ಅದನ್ನೇ. ಎಸ್ಕಾರ್ಟುಗಳಿಗೆ ಕೆಲವೇ ದಿನಕ್ಕೊಮ್ಮೆ ಎಣ್ಣೆ ಬೇಕು. ಎರಡು ಹಡಗು ನಲವತ್ತು ಐವತ್ತು ಮೀಟರ್ ಅಂತರದಲ್ಲಿ ಒಂದೇ ವೇಗದಲ್ಲಿ ಓಡುತ್ತಾ, ನಡುವೆ ಹಗ್ಗ, ಪೈಪು ಕಟ್ಟಿಕೊಂಡು ತುಂಬಿಸಿಕೊಳ್ಳುತ್ತವೆ. ಅಷ್ಟು ಹೊತ್ತು ಎರಡಕ್ಕೂ ಬೇಕೆಂದಾಗ ತಿರುಗಲು ಆಗುವುದಿಲ್ಲ. ಟ್ಯಾಂಕರಿಗೆ ಏನಾದರೂ ಆದರೆ ಇಡೀ ಗುಂಪು ಬಂದರಿಗೆ ವಾಪಸ್ ಹೊರಡಬೇಕು. ಹಾಗಾಗಿ ಕ್ಯಾರಿಯರಿನಷ್ಟೇ ಕಾವಲು ಅದಕ್ಕೂ ಬೇಕು.

ಅವನು ಅಡುಗೆಮನೆಗೆ ಓಡಿ ಒಂದು ಗೆರಟೆ ತಂದು ಕಿತ್ತಳೆಯ ಹಿಂದೆ ಇಟ್ಟ. ಎದ್ದು ನಿಂತು, ಕಣದ ಅಂಚಿನ ಬಾಳೆ ಎಲೆ ಎತ್ತ ಅಲುಗುತ್ತಿದೆ ನೋಡಿದ. ಗಾಳಿ ಮಡಿಕೇರಿ ಕಡೆಯಿಂದ ಬರುತ್ತಿತ್ತು. ಕಿತ್ತಳೆಯನ್ನು ಅತ್ತ ತಿರುಗಿಸಿ, ಅಡಿಕೆಗಳನ್ನು ಒಂದೊಂದಾಗಿ ಎತ್ತಿ ಹೆಜ್ಜೆ ಎಣಿಸತೊಡಗಿದ. ಒಂದನ್ನು ಕಿತ್ತಳೆಯ ಹಿಂದಕ್ಕೆ ಒಯ್ಯುವಾಗ ಮುಂದಿನಿಂದ ಅಡ್ಡ ಹೋಗಲಿಲ್ಲ, ಹೊರಗಿನಿಂದ ದೊಡ್ಡದಾಗಿ ಸುತ್ತಿಕೊಂಡು ಬಂದ. ಸಂಜೆ ಮಂಜು ಬೀಳುವ ಮೊದಲು ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕಿತ್ತು. ಅವ್ವ ಕರೆದರು. ಅಡಿಕೆಯೊಂದನ್ನೂ ಮುಟ್ಟಬೇಡಿ ಎಂದು ಅವನು ಹೇಳಿದ್ದಕ್ಕೆ, ನಾವು ಆ ದಿನ ಟಾರ್ಪಾಲನ್ನು ಕಣದ ಇನ್ನೊಂದು ಬದಿಯಿಂದ ಎಳೆದೆವು.