ಜಾಗ್ವಾರ್ ಕೊಳ್ಳುವ ಮೊದಲು ನಾನು ಅಳೆದದ್ದು ನಮ್ಮ ಮನೆಯ ಗೇಟು

ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟ. ಟಾರು ರಸ್ತೆ ಬಿಟ್ಟು ಮನೆಗೆ ಬರಲು ಸ್ವಲ್ಪ ಮಣ್ಣಿನ ದಾರಿ. ಗೇಟಿನ ಮುಂದೆ ಮೋರಿ, ಅದರ ಮೇಲೆ ಕಲ್ಲಿನ ಚಪ್ಪಡಿ. ಇಷ್ಟು ವರ್ಷ ಜೀಪಿನಲ್ಲಿ ಆ ಚಪ್ಪಡಿ ಹತ್ತಿ ಇಳಿದಿದ್ದೇನೆ, ಅದು ಎಷ್ಟು ಎತ್ತರ ಅಂತ ಯೋಚಿಸಿರಲೇ ಇಲ್ಲ. ನೆಲಕ್ಕೆ ಹತ್ತಿರ ಕೂರುವ ಹಳೆಯ ಜಾಗ್ವಾರ್ ಎಕ್ಸ್‌ಕೆಆರ್ ಸ್ಪೋರ್ಟ್ಸ್ ಕಾರು ಒಂದನ್ನು ಕೊಳ್ಳಬೇಕು ಅಂತ ಗಟ್ಟಿ ಮಾಡಿದ ದಿನ ಟೇಪು ಹಿಡಿದು ಅಲ್ಲಿ ಕೂತೆ. ಮೊದಲು ಮುಂದಿನ ಬಂಪರ್ ತಾಗುತ್ತದೆ. ಅದು ದಾಟಿದರೆ ಹೊಟ್ಟೆ ಕೂರುತ್ತದೆ. ಮೋರಿಯ ಎರಡೂ ಕಡೆ ಕಾಂಕ್ರೀಟ್ ಹಾಕಿಸಿ ಇಳಿಜಾರನ್ನು ಉದ್ದ ಮಾಡಿಸಿದೆ. ಕಾರು ಇನ್ನೂ ಸಿಕ್ಕಿರಲಿಲ್ಲ, ಅದರ ಮೊದಲ ಖರ್ಚು ಆಗಿಹೋಗಿತ್ತು.

ತೋಟದವನಿಗೆ ಈ ಕಾರು ಯಾಕೆ ಅಂತ ತುಂಬಾ ಜನ ಕೇಳಿದರು. ತಿಂಗಳಿಗೆ ಎರಡು ಸಲ ನಾನು ಬೆಂಗಳೂರಿಗೆ ಹೋಗಲೇಬೇಕು. ಚಿಕ್ಕಮಗಳೂರಿನಿಂದ ಬೇಲೂರು, ಹಾಸನದ ಮೇಲೆ ಸುಮಾರು 245 ಕಿಲೋಮೀಟರ್. ಗ್ರ್ಯಾಂಡ್ ಟೂರರ್ ಅನ್ನುವ ಜಾತಿಯ ಕಾರನ್ನು ಮಾಡಿದ್ದೇ ಇಂಥ ಓಡಾಟಕ್ಕೆ. ವೇಗ ಇದೆ, ಆದರೆ ರೇಸ್ ಕಾರಿನ ಹಾಗೆ ಬೆನ್ನು ಮುರಿಯುವುದಿಲ್ಲ. ಮುಂದೆ ಇಬ್ಬರು ಆರಾಮಾಗಿ ಕೂರಬಹುದು, ಡಿಕ್ಕಿಯಲ್ಲಿ ಎರಡು ಬ್ಯಾಗು ಹಿಡಿಯುತ್ತದೆ. ಹಿಂದಿನ ಸೀಟು ಚಿಕ್ಕ ಮಕ್ಕಳಿಗೆ ಅಷ್ಟೇ. ಎಕ್ಸ್‌ಕೆಆರ್‌ನದ್ದು ಐದು ಲೀಟರ್‌ನ, ಎಂಟು ಸಿಲಿಂಡರಿನ ವಿ8 ಎಂಜಿನ್, ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಬೇರೆ, 510 ಕುದುರೆಶಕ್ತಿ. ಇಯಾನ್ ಕ್ಯಾಲಮ್ ವಿನ್ಯಾಸ ಮಾಡಿದ ಆ ಮೈಕಟ್ಟನ್ನು ನಾನು ಹದಿನೈದು ವರ್ಷದಿಂದ ಫೋಟೋಗಳಲ್ಲಿ ನೋಡುತ್ತಾ ಬಂದವನು. 2014ಕ್ಕೆ ತಯಾರಿಕೆ ನಿಂತಿತು, ಹಾಗಾಗಿ ಈಗ ಕೊಂಡರೆ ಹಳೆಯದನ್ನೇ ಕೊಳ್ಳಬೇಕು. 2024–25ರಲ್ಲಿ ಕಾಫಿಗೆ ಒಳ್ಳೆ ರೇಟು ಬಂತು, ಧೈರ್ಯ ಮಾಡಿದೆ.

ಹೊಸದರಲ್ಲಿ ಕೋಟಿಯ ಆಸುಪಾಸಿನಲ್ಲಿದ್ದ ಕಾರು ಈಗ ಒಂದು ಒಳ್ಳೆ ಎಸ್‌ಯುವಿ ಬೆಲೆಗೆ ಸಿಗುತ್ತದೆ. ಆದರೆ ಕಾರಿನ ಬೆಲೆ ಇಳಿದ ಹಾಗೆ ಸ್ಪೇರ್‌ಪಾರ್ಟ್ ಬೆಲೆ ಇಳಿಯುವುದಿಲ್ಲ. ಬ್ರೇಕ್ ಡಿಸ್ಕ್ ಇವತ್ತಿಗೂ ಕೋಟಿ ರೂಪಾಯಿ ಕಾರಿನದ್ದೇ. ಕೈ ಸುಟ್ಟುಕೊಂಡವರೆಲ್ಲ ಇಲ್ಲೇ ಸುಟ್ಟುಕೊಂಡಿದ್ದು. ಅದಕ್ಕೇ ಕಾರಿಗೆ ಅಂತ ಇಟ್ಟ ದುಡ್ಡಿನಲ್ಲಿ ನಾಲ್ಕನೇ ಒಂದು ಭಾಗವನ್ನು ಮೊದಲೇ ಬೇರೆ ಖಾತೆಗೆ ಹಾಕಿದೆ. ಮೊದಲ ವರ್ಷದ ರಿಪೇರಿಗೆ ಬಿಟ್ಟು ಅದನ್ನು ಮುಟ್ಟುವ ಹಾಗಿಲ್ಲ ಅಂತ ಮನೆಯಲ್ಲೂ ಹೇಳಿದೆ.

ಮೊದಲು ನೋಡಿದ್ದು ಜಾಗ್ವಾರ್ ಅಲ್ಲ. ಜರ್ಮನಿಯ ಒಂದು ಓಪನ್ ಟಾಪ್ ಕಾರು ಕಡಿಮೆ ಬೆಲೆಗೆ ಇತ್ತು, ಮಹಾರಾಷ್ಟ್ರದ ನಂಬರ್. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಫೋಟೋದಲ್ಲಿ ಹಾಗೇ ಇತ್ತು. ಮೀಟರ್‌ನಲ್ಲಿ 28 ಸಾವಿರ ಕಿಲೋಮೀಟರ್. ಬ್ರೇಕ್ ಪೆಡಲ್ ರಬ್ಬರಿನ ಅಂಚು ಮಾತ್ರ ಪೂರ್ತಿ ಸವೆದಿತ್ತು, ಸ್ಟೀರಿಂಗ್ ಚರ್ಮ ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿದಾಗ ಒಳಗಿನ ಇನ್ನೊಂದು ಯೂನಿಟ್‌ನಲ್ಲಿ 61 ಸಾವಿರ ದಾಖಲಾಗಿತ್ತು. ಮಾರುವವರು ಮಾತು ಬದಲಿಸಿದರು, ನಾನು ಎದ್ದು ಬಂದೆ. ಅದನ್ನು ಕೊಂಡಿದ್ದರೂ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಅಭ್ಯಂತರವಿಲ್ಲ ಅನ್ನುವ ಪತ್ರ ತಂದು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕಿತ್ತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಶೇಕಡಾ 18. ಹಳೆಯದಾದರೆ ವಯಸ್ಸಿನ ಮೇಲೆ ತೆರಿಗೆ ಕಡಿಮೆಯಾಗುತ್ತದೆ, ಆದರೆ ಲೆಕ್ಕ ಹಿಡಿಯುವುದು ಹೊಸದರ ಬೆಲೆಯಿಂದಲೇ. ಬೇರೆ ರಾಜ್ಯದ ಕಾರು ಅಗ್ಗ ಅನ್ನಿಸಿದರೆ ಈ ಮೊತ್ತವನ್ನೂ ಕೂಡಿಸಿ ನೋಡಿ.

ಎರಡನೆಯದು ಬೆಂಗಳೂರಿನ ಎಕ್ಸ್‌ಕೆಆರ್. 2013ರ ಕಾರು, ಕೆಎ ನಂಬರ್. ಬೆಲೆ ನನ್ನ ಲೆಕ್ಕಕ್ಕಿಂತ ಜಾಸ್ತಿಯೇ ಇತ್ತು. ಆದರೆ ಓನರ್ ಫೋನಿನಲ್ಲೇ "ಬಿಲ್ಲುಗಳ ಫೈಲ್ ಇದೆ, ಬಂದು ನೋಡಿ" ಅಂದರು. ಹಿಂದಿನ ರಾತ್ರಿ ಅವರಿಗೆ ಒಂದೇ ಮಾತು ಹೇಳಿದೆ: "ಬೆಳಗ್ಗೆ ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಸಾರ್." ಬಿಸಿ ಎಂಜಿನ್ ಎಷ್ಟೋ ರೋಗ ಮುಚ್ಚಿಡುತ್ತದೆ.

ಚಿಕ್ಕಮಗಳೂರಿನಲ್ಲಿ ನಮ್ಮ ಜೀಪು ನೋಡಿಕೊಳ್ಳುವ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಆರೂವರೆ, ಬೇಸ್‌ಮೆಂಟ್ ಪಾರ್ಕಿಂಗ್. ಮೇಸ್ತ್ರಿ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ಆಮೇಲೆ ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದರು. ಪುಟ್ಟಿ ಹಾಕಿದ ಕಡೆ ಅದು ಅಂಟುವುದಿಲ್ಲ, ಎಲ್ಲರೂ ಮಾಡುವ ಪರೀಕ್ಷೆ. ಇಲ್ಲಿ ಎಲ್ಲೂ ಅಂಟಲಿಲ್ಲ. ಈ ಕಾರಿನ ಬಾಡಿ ಪೂರ್ತಿ ಅಲ್ಯೂಮಿನಿಯಂ, ರಿವೆಟ್ ಮತ್ತು ಅಂಟಿನಿಂದ ಕೂಡಿಸಿದ್ದು. ಅದಕ್ಕೆ ಪೇಂಟ್‌ನ ದಪ್ಪ ಅಳೆಯುವ ಮೀಟರ್ ತರಿಸಿಟ್ಟುಕೊಂಡಿದ್ದೆ. ಒಂದೊಂದು ಪ್ಯಾನೆಲ್ ಮೇಲೂ ಇಟ್ಟು ನೋಡಿದೆವು. ಎಲ್ಲಾ ಕಡೆ 110ರಿಂದ 150 ಮೈಕ್ರಾನ್, ಹಿಂದಿನ ಎಡ ಮೂಲೆಯಲ್ಲಿ ಮಾತ್ರ 240, ಅಂದರೆ ಅಲ್ಲಿ ಮತ್ತೆ ಪೇಂಟ್ ಆಗಿದೆ. ಕೇಳುವ ಮೊದಲೇ ಓನರ್ ಫೈಲ್ ತಿರುವಿ ಇನ್ಶೂರೆನ್ಸ್ ಬಿಲ್ ತೋರಿಸಿದರು, ಪಾರ್ಕಿಂಗ್‌ನಲ್ಲಿ ಕಂಬಕ್ಕೆ ಉಜ್ಜಿದ್ದು. ಒಳಗಿನ ರಿವೆಟ್‌ಗಳು ಕಂಪನಿಯವೇ ಇದ್ದವು. ಅಲ್ಯೂಮಿನಿಯಂ ಫ್ರೇಮಿಗೆ ಪೆಟ್ಟು ಬಿದ್ದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅಂತಿದ್ದೆ, ಅದನ್ನು ಸರಿ ಮಾಡುವವರು ನಮ್ಮ ಕಡೆ ಇಲ್ಲ.

ಆಮೇಲೆ ಸ್ಟಾರ್ಟ್. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಎಂಜಿನ್ ಮುಂದೆ ಬಗ್ಗಿ ನಿಂತರು. ಎಂಜಿನ್ ಒಳಗೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಓಡಿಸುವ ಟೈಮಿಂಗ್ ಚೈನ್ ಸಡಿಲಾಗಿದ್ದರೆ ಮೊದಲ ಕೆಲವು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಅದಿರಲಿಲ್ಲ. ಒಂದು ಸಲ ಜೋರಾಗಿ ಗುಡುಗಿ, ನಿಧಾನವಾಗಿ ಇಳಿದು ಒಂದೇ ಸಮ ನಿಂತಿತು. "ಸಾರ್, ಇದು ಉಸಿರು ಸರಿಯಾಗಿ ಬಿಡ್ತಿದೆ" ಅಂದರು.

ಅರ್ಧ ಗಂಟೆ ಓಡಿಸಿ ಬಂದು ಕಾರನ್ನು ಲಿಫ್ಟ್ ಮೇಲೆ ಏರಿಸಿದೆವು. ಸೂಪರ್‌ಚಾರ್ಜರ್ ಅಡಿಯಲ್ಲಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಹರಿಯುವ ಪ್ಲಾಸ್ಟಿಕ್ ಪೈಪುಗಳಿವೆ. ವರ್ಷಗಟ್ಟಲೆ ಬಿಸಿ ತಿಂದು ಅವು ಬಿರುಕು ಬಿಡುತ್ತವೆ, ಕೂಲಂಟ್ ಕಳೆದು ಎಂಜಿನ್ ಕಾದರೆ ಮುಗಿಯಿತು. ಅವನ್ನು ಬದಲಾಯಿಸಿದ ಬಿಲ್ ಫೈಲ್‌ನಲ್ಲಿತ್ತು. ನಿಜ ಹೇಳಬೇಕೆಂದರೆ ನಾನು ಈ ಕಾರನ್ನು ಆರಿಸಿದ್ದು ಆ ಒಂದು ಬಿಲ್ ನೋಡಿ. ಮುಂದಿನ ಚಕ್ರ ಹಿಡಿಯುವ ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳು ಸೀಳಿದ್ದವು. ಟೈರ್ ಹಲ್ಲು ಚೆನ್ನಾಗಿದ್ದರೂ ಪಕ್ಕದಲ್ಲಿ 1417 ಅಂತ ಅಚ್ಚಾಗಿತ್ತು, ಅಂದರೆ 2017ರ 14ನೇ ವಾರ. ರಬ್ಬರ್ ಗಟ್ಟಿಯಾಗಿತ್ತು. ಮಳೆಯಲ್ಲಿ ಇಂಥ ಟೈರಿನ ಮೇಲೆ 510 ಕುದುರೆಶಕ್ತಿ ನಂಬುವ ಹಾಗಿಲ್ಲ. ನಾಲ್ಕು ಟೈರು, ಬುಷ್, ಎರಡಕ್ಕೂ ಕೊಟೇಶನ್ ತೆಗೆಸಿ ಅಷ್ಟನ್ನೇ ಕಡಿಮೆ ಮಾಡಿ ಅಂದೆ. ಓನರ್ ಒಪ್ಪಿದರು.

ಕಾಗದದ ಕೆಲಸ ಸಲೀಸಾಯಿತು. ಆರ್‌ಸಿಯಲ್ಲಿ ಸಾಲದ ನಮೂದು ಇರಲಿಲ್ಲ. ಕಾರನ್ನು ಹೆಸರಿಗೆ ಮಾಡಿಸಿಕೊಳ್ಳುವ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ ಚಿಕ್ಕಮಗಳೂರು ಆರ್‌ಟಿಒಗೆ ಕೊಟ್ಟೆ. ಇನ್ಶೂರೆನ್ಸ್ ಅನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇದನ್ನು ಮರೆಯುವವರು ಬಹಳ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ನೋ ಕ್ಲೇಮ್ ಬೋನಸ್ ರಿಯಾಯಿತಿ ಕಾರಿನ ಜೊತೆ ಬರುವುದಿಲ್ಲ, ಅದು ಹಳೆಯ ಓನರ್‌ದು. ಇನ್ನೊಂದು, 15 ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ನನ್ನದಕ್ಕೆ ಅದು 2028ರಲ್ಲಿ ಬರುತ್ತದೆ.

ಬರುವಾಗ ಹಾಸನದವರೆಗೆ ಕಾರು ತೇಲಿಕೊಂಡು ಬಂತು. ಬೇಲೂರು ದಾಟಿದ ಮೇಲೆ ಹಂಪ್‌ಗಳು. ನೇರವಾಗಿ ಹತ್ತಿಸಬಾರದು, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಬೇಕು. ಎರಡು ಕಡೆ ತಳ ಸವರಿತು, ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಗೇಟಿನ ಹತ್ತಿರ ಮೇಸ್ತ್ರಿ ಇಳಿದು, ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದರು. "ಬನ್ನಿ ಸಾರ್, ಎರಡು ಬೆರಳು ಜಾಗ ಇದೆ, ಬನ್ನಿ ಬನ್ನಿ." ಒಳಗೆ ಬಂತು.

ಮಲೆನಾಡಿನ ಮಳೆಯಲ್ಲಿ ಇದನ್ನು ಇಟ್ಟುಕೊಳ್ಳುವುದು ಕೊಳ್ಳುವುದಕ್ಕಿಂತ ದೊಡ್ಡ ಕೆಲಸ. ಜೂನ್‌ನಿಂದ ಆಗಸ್ಟ್‌ವರೆಗೆ ಜಾಸ್ತಿ ಹೊರಗೆ ತೆಗೆಯುವುದಿಲ್ಲ. ಬ್ಯಾಟರಿ ಡಿಕ್ಕಿಯಲ್ಲಿದೆ, ಅದಕ್ಕೆ ಸಣ್ಣ ಚಾರ್ಜರ್ ಸದಾ ಹಾಕಿರುತ್ತೇನೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಅದು ತೇವ ಎಳೆಯುತ್ತದೆ, ಹಾಗಾಗಿ ಹಳೆ ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡುವುದಿಲ್ಲ. ಚರ್ಮದ ಸೀಟಿಗೆ ಬೂಸ್ಟು ಹಿಡಿಯದ ಹಾಗೆ ಭಾನುವಾರ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಇಲಿ ವೈರ್ ಕಡಿಯದಂತೆ ಶೆಡ್‌ಗೆ ಸಣ್ಣ ಕಣ್ಣಿನ ಮೆಶ್ ಹೊಡೆಸಿದ್ದೇನೆ.

ಮಳೆ ನಿಂತ ಮೇಲೆ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಬೇಕು. ಬದಲಾಯಿಸುವ ಅಗತ್ಯವೇ ಇಲ್ಲ ಅಂತ ಹೇಳುವವರಿದ್ದಾರೆ, ಆದರೆ ಆ ಗೇರ್‌ಬಾಕ್ಸ್ ಮಾಡಿದ ಜ಼ಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್‌ನೊಳಗೆ ಬದಲಾಯಿಸಿ ಅನ್ನುತ್ತದೆ. ಇದರ ಫಿಲ್ಟರ್ ಪ್ಲಾಸ್ಟಿಕ್ ಪ್ಯಾನ್‌ಗೇ ಕೂಡಿಕೊಂಡಿರುತ್ತದೆ, ಪ್ಯಾನ್ ಸಮೇತ ಹೊಸದು ಹಾಕಬೇಕು. ನಮ್ಮದು ಓಡಿರುವುದು 50 ಸಾವಿರವೇ, ಆದರೆ ಆಯಿಲ್‌ಗೂ ವಯಸ್ಸಾಗುತ್ತದೆ ಅಲ್ವಾ. ಹೊಸ ಪ್ಯಾನ್ ಬಂದಾಗಿದೆ, ಗೋದಾಮಿನಲ್ಲಿ ಕಾಫಿ ಮೂಟೆಗಳ ಪಕ್ಕ ಇಟ್ಟಿದ್ದೇನೆ.