ಹಲ್ಲಿನ ಗುರುತು ಉಳಿಸಿ ಜೋಮಾಲೆ ರಿಪೇರಿ ಮಾಡಿದ್ದು

ಕೊಡಗಿನ ಹಳೇ ಜೋಮಾಲೆ, ಅಂದರೆ ಒಳಗೆ ಅರಗು ತುಂಬಿದ ಚಿನ್ನದ ಗುಂಡಿನ ಸರ, ರಿಪೇರಿಗೆ ಬಂದರೆ ನಮ್ಮ ಅಕ್ಕಸಾಲಿ ಕಸುಬಿನವರದ್ದು ಒಂದೇ ಮಾತು: "ಕರಗಿಸಿ ಹೊಸದು ಮಾಡಿಕೊಡು, ತಲೆನೋವು ಬೇಡ." ಕರಗಿಸದೇ ಮಾಡ್ತೀನಿ ಅಂದಾಗ ನಕ್ಕವರೇ ಜಾಸ್ತಿ. ಈಗ ಅವರೇ ಗಿರಾಕಿ ಕಳಿಸುತ್ತಾರೆ.

ಸವೆಯುವುದು ಗುಂಡಿನ ಬಾಯಿ, ದಾರ ಹಾಯುವ ತೂತು. ದಾರ ಉಜ್ಜಿ, ಪಕ್ಕದ ಗುಂಡು ತಿಕ್ಕಿ ತಗಡು ಹರಿಯುತ್ತದೆ, ಒಳಗಿನ ಅರಗು ಪುಡಿಯಾಗಿ ಉದುರುತ್ತದೆ. ಅರಗು ಇರುವಾಗಲೇ ಬೆಂಕಿ ತೋರಿಸಿದರೆ ಉಬ್ಬಿ ಗುಂಡೇ ಸೀಳುತ್ತದೆ. ಶುರುವಿನಲ್ಲಿ ಮೂರ್ನಾಲ್ಕು ಹಾಗೇ ಹೋದವು. ಚಿನ್ನ ಕೈಯಿಂದಲೇ ಹಾಕಿಕೊಟ್ಟೆ.

ಹೊಸ ಅರಗು ಬಿಸಿನೀರಿಗೆ ಮೆತ್ತಗಾಗುತ್ತದೆ. ಅಜ್ಜಿ ಕಾಲದ್ದು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಸ್ಪಿರಿಟ್‌ನಲ್ಲಿ ನೆನೆಹಾಕಿದೆ. ಪೂರ್ತಿ ಕರಗಲಿಲ್ಲ, ಆದರೆ ನಾಲ್ಕೈದು ದಿನಕ್ಕೆ ಮೆದುವಾಯಿತು. ತಂತಿ ತುದಿ ಬಗ್ಗಿಸಿ ಕೆರೆದು ತೆಗೆದೆ. ಚೆನ್ನಾಗಿ ಆರಿದ ಮೇಲೆ ಹರಿದ ಬಾಯಿಗೆ ಒಳಗಿನಿಂದ ಉಂಗುರದಂಥ ಸಣ್ಣ ಬಳೆ ಕೂರಿಸಿ, ಬಿಳಿಗಾರ ಹಚ್ಚಿ ಬೆಸೆದೆ. ಬಳೆ ಒಳಗೆ ಹೇಗೆ ನಿಲ್ಲುತ್ತದೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು! ಆಮೇಲೆ ಇಟ್ಟಿಗೆ ಪುಡಿ ಬೆರೆಸಿದ ಹೊಸ ಅರಗು.

ಅರಗಿನ ಬದಲು ಎಪಾಕ್ಸಿ ಅಂಟನ್ನೂ ತುಂಬಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಯಿತು. ಮುಂದೆ ಯಾರಾದರೂ ಬಿಚ್ಚಬೇಕಾದರೆ ಏನು ಗತಿ? ಬಿಟ್ಟೆ.

ನೆಗ್ಗು ತೆಗೆಯುವ ವಿಚಾರ ಬೇರೆ. ಒಬ್ಬರಿಗೆ ಒಂದು ಗುಂಡು ಉಬ್ಬಿಸಿ, ಪಾಲಿಶ್ ಮಾಡಿ ಮಾದರಿಗೆ ತೋರಿಸಿದೆ. ಮುಖ ಸಪ್ಪಗಾಯಿತು. "ಇದು ನಮ್ಮ ಅವ್ವನದಲ್ಲ, ಅಂಗಡಿದು." ಇನ್ನೊಂದು ಗುಂಡು ಹುಡುಕಿ ಬೆರಳಿಟ್ಟರು. ಅಲ್ಲಿ ಅಕ್ಕಿಕಾಳಿನಷ್ಟು ಎರಡು ತಗ್ಗು. "ನಾನು ಮಗುವಾಗಿದ್ದಾಗ ಕಚ್ಚಿದ್ದಂತೆ, ಅವ್ವ ಎಲ್ಲರಿಗೂ ತೋರಿಸ್ತಿದ್ದರು." ಆವತ್ತಿನಿಂದ ಪಾಲಿಶ್ ಬಂದ್. ಅಂಟುವಾಳದ ನೀರು, ಮೆತ್ತನೆ ಬ್ರಶ್, ಅಷ್ಟೇ. ಹಳೇ ದಾರ ಬಿಸಾಡುವ ಮುಂಚೆಯೂ ಕೇಳುತ್ತೇನೆ. ಮುಕ್ಕಾಲುಪಾಲು ಜನ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ.

ದುಡ್ಡಿನ ಲೆಕ್ಕಕ್ಕೂ ಗಿರಾಕಿಗೆ ಇದೇ ಲಾಭ. ಕರಗಿಸಿದರೆ ಅರಗಿನ ತೂಕ ಹೋಯಿತು, ಹಳೇ ಬೆಸುಗೆ ಸೇರಿ 916 (22 ಕ್ಯಾರೆಟ್) ಶುದ್ಧತೆ ಬರುವುದು ಕಷ್ಟ, ಮೇಲೆ ಹೊಸದರ ಕೂಲಿ, ವೇಸ್ಟೇಜ್, ಜಿಎಸ್‌ಟಿ. ನಾನು ಬಾಯಿ ಕಟ್ಟಿದ ಗುಂಡಿಗೆ ಇನ್ನೂರರ ಆಸುಪಾಸು ತಗೊಳ್ಳುತ್ತೇನೆ. ಟೈಮ್ ನೋಡಿದರೆ ಕಮ್ಮಿಯೇ, ಆದರೆ ಅದೇ ಮನೆಯಿಂದ ಪತ್ತಾಕ್ ಪದಕವೂ ಬರುತ್ತದೆ, ಅಲ್ವಾ?

ಈಗ ಕೊಕ್ಕೆತಾತಿ, ಅಂದರೆ ಅರ್ಧಚಂದ್ರ ಪದಕದ ಸರ, ಒಂದು ಬಂದು ಕೂತಿದೆ. ಅಂಚಿಗೆಲ್ಲ ಮುತ್ತು, ಸ್ಪಿರಿಟ್ ತಾಗಿಸುವ ಹಾಗಿಲ್ಲ. ಮುತ್ತು ಬಿಚ್ಚಿ, ಯಾವುದು ಎಲ್ಲಿತ್ತು ಅಂತ ಚೀಟಿ ಅಂಟಿಸಿ ಇಡುತ್ತಿದ್ದೇನೆ.